ಬರುವ ಹಣಕ್ಕೆ ಪಿನ್ ಬೇಕಿಲ್ಲ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಶುರುವಾದಾಗ ಹಣ ತೆಗೆಯಲು ಪಾಸ್ ಪುಸ್ತಕ ಹಿಡಿದು ಬರಬೇಕಿತ್ತು. ಗುಮಾಸ್ತರು ಸಹಿ ತಾಳೆ ನೋಡಿಯೇ ಹಣ ಎಣಿಸುತ್ತಿದ್ದರು. ಇಂದು ಆ ಸಹಿಯ ಜಾಗದಲ್ಲಿ ಪಿನ್ನು, ಓಟಿಪಿ ಬಂದು ಕೂತಿವೆ. ಅವನ್ನು ಇನ್ನೊಬ್ಬರಿಗೆ ಹೇಳುವುದೂ ಒಂದೇ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದೂ ಒಂದೇ.

ಎಮ್ಮೆ ಮಾರಾಟಕ್ಕಿದೆ ಅಂತ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕುತ್ತೀರಿ. ಯಾರೋ ಫೋನ್ ಮಾಡುತ್ತಾನೆ. ಹಾಲೆಷ್ಟು, ಎಷ್ಟನೇ ಸೂಲು ಅಂತ ಕೇಳುವುದಿಲ್ಲ, ಚೌಕಾಸಿಯೂ ಇಲ್ಲ! ಅಲ್ಲೇ ಅನುಮಾನ ಬರಬೇಕು. "ಮುಂಗಡ ಕಳಿಸ್ತಿದೀನಿ ಯಜಮಾನ್ರೇ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬಂದ್ಬಿಡುತ್ತೆ" ಅಂತಾನೆ. ಒತ್ತಿದರೆ ನಿಮ್ಮ ಹಣವೇ ಅವನ ಕಡೆ ಹೋಗುತ್ತದೆ. ಯುಪಿಐನಲ್ಲಿ ಹಣ ಕೊಡುವವರು ಪಿನ್ ಒತ್ತಬೇಕು; ತೆಗೆದುಕೊಳ್ಳುವವರು ಏನನ್ನೂ ಒತ್ತಬೇಕಾಗಿಲ್ಲ.

ಕಿಸಾನ್ ಸಮ್ಮಾನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲು ಬಂದರೆ ಮುಟ್ಟಬೇಡಿ. ಅದು ಫೋನಿನೊಳಗೆ ಸೇರಿತೆಂದರೆ ನೀವು ಹೇಳದಿದ್ದರೂ ಓಟಿಪಿ ಕಳ್ಳನಿಗೆ ಸಿಕ್ಕೀತು. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎನ್ನುವವರೂ ಇದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಹಣ ಹೋದರೆ, ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ಆಗಿಂದಾಗಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳ ಆ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಅವಕಾಶವಿದೆ. ಪಿನ್ ನೀವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರಲ್ಲೇ ನಿಯಮ ಮಾಡಿದೆ. ಬಂದ ಮೆಸೇಜುಗಳನ್ನು ಮಾತ್ರ ಅಳಿಸಬೇಡಿ, ದೂರು ಬರೆಸುವಾಗ ಬೇಕಾಗುತ್ತವೆ.