ಸೂತ್ರದಲ್ಲಿನ ಋಣ ಚಿಹ್ನೆ: ಅಂದಾಜು ಪಟ್ಟಿ ಪರಿಶೀಲಿಸುವಾಗ ಗಮನಿಸಬೇಕಾದ ಅಂಶ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಮಗಾರಿಗಳ ಅಂದಾಜು ಪಟ್ಟಿಗಳು ಈಗ ಬಹುಮಟ್ಟಿಗೆ ಎಕ್ಸೆಲ್ ಅಥವಾ ಅಂತಹ ತಂತ್ರಾಂಶದಲ್ಲಿ ಸಿದ್ಧವಾಗಿ ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ಗಣಕಯಂತ್ರವು ಲೆಕ್ಕ ಹಾಕಿದೆ ಎಂಬ ಕಾರಣಕ್ಕೇ ಮೊತ್ತವನ್ನು ಒಪ್ಪುವುದು ಸರಿಯಲ್ಲ. ಯಂತ್ರವು ತನ್ನ ನಿಯಮದಂತೆ ಲೆಕ್ಕ ಹಾಕುತ್ತದೆ. ಆ ನಿಯಮವು ಒಂದು ಕಡೆ ಶಾಲೆಯಲ್ಲಿ ಕಲಿತ ಗಣಿತಕ್ಕಿಂತ ಬೇರೆಯಾಗಿದೆ.

100 ಚದರ ಮೀಟರ್ ಅಂಗಳಕ್ಕೆ ಕಾಂಕ್ರೀಟ್ ಹಾಸಬೇಕಾಗಿದೆ ಎಂದು ಭಾವಿಸಬಹುದು. ಅಂಗಳದೊಳಗೆ 6 ಮೀಟರ್ ಬದಿಯ ಚೌಕಾಕಾರದ ನೀರಿನ ತೊಟ್ಟಿಯಿದೆ. ತೊಟ್ಟಿಯ 36 ಚದರ ಮೀಟರ್ ಕಳೆದರೆ ಉಳಿಯುವುದು 64. ಆದರೆ ಕಳೆಯಬೇಕಾದ ಬಾಬನ್ನು ಪ್ರತ್ಯೇಕ ಸಾಲಿನಲ್ಲಿ =-6^2 ಎಂದು ಬರೆದು, ಕೆಳಗೆ ಸಾಲುಗಳನ್ನು ಕೂಡಿದರೆ 136 ಬರುತ್ತದೆ. ^ ಎಂಬುದು ಘಾತದ ಚಿಹ್ನೆ. ಕೀಲಿಮಣೆಯಲ್ಲಿ 6ರ ಕೀಲಿಯ ಮೇಲಿರುತ್ತದೆ. ಗಣಿತದ ರೂಢಿಯಂತೆ ಮೊದಲು 6ರ ವರ್ಗ, ಅನಂತರ ಋಣ ಚಿಹ್ನೆ, ಉತ್ತರ -36. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಮೂರೂ ಚಿಹ್ನೆಯನ್ನು ಮೊದಲೇ ಸಂಖ್ಯೆಗೆ ಸೇರಿಸಿಕೊಂಡು -6ನ್ನು -6ರಿಂದ ಗುಣಿಸುತ್ತವೆ, ಉತ್ತರ 36. ದೋಷದ ಸೂಚನೆಯೇನೂ ಕಾಣಿಸುವುದಿಲ್ಲ. ವಿಚಿತ್ರವೆಂದರೆ, ಎಕ್ಸೆಲ್‌ನೊಳಗೇ ಇರುವ ವಿಬಿಎ ಭಾಷೆಯಲ್ಲಿ ಇದೇ ಲೆಕ್ಕಕ್ಕೆ -36 ಬರುತ್ತದೆ.

ಚದರ ಮೀಟರಿಗೆ 500 ರೂಪಾಯಿ ದರವಿಟ್ಟುಕೊಂಡರೆ, 32,000 ರೂಪಾಯಿಯ ಕೆಲಸವು 68,000 ರೂಪಾಯಿಯದಾಗುತ್ತದೆ. ಇಲ್ಲಿ ಅಂಗಳಕ್ಕಿಂತ ಹಾಸೇ ದೊಡ್ಡದಾಗಿರುವುದರಿಂದ ತಪ್ಪು ಎದ್ದು ಕಾಣುತ್ತದೆ. ನಲವತ್ತು ಸಾಲುಗಳ ಪಟ್ಟಿಯಲ್ಲಿ ಅದು ಅಡಗಿಬಿಡುತ್ತದೆ.

=-(6^2) ಎಂದು ಆವರಣ ಚಿಹ್ನೆ ಹಾಕಿದರೆ -36 ಬರುತ್ತದೆ. ಘಾತದ ಚಿಹ್ನೆಯನ್ನೇ ಬಿಟ್ಟು =-6*6 ಎಂದು ಬರೆದರೂ ಸರಿಯೇ. =100-6^2 ಎಂಬಲ್ಲಿ ಚಿಹ್ನೆಯು ಎರಡು ಸಂಖ್ಯೆಗಳ ನಡುವಿನ ವ್ಯವಕಲನವಾದುದರಿಂದ 64 ಸಿಗುತ್ತದೆ; ಅದನ್ನೇ ತಿರುಗಿಸಿ =-6^2+100 ಎಂದರೆ ಮತ್ತೆ 136.

ಸದಸ್ಯರು ಸೂತ್ರ ಬರೆಯಬೇಕಾಗಿಲ್ಲ. 'ಕಳೆಯುವುದು' ಎಂದಿರುವ ಪ್ರತಿಯೊಂದು ಸಾಲಿನ ಅಂಕಿಯು ಒಟ್ಟು ಮೊತ್ತದಲ್ಲಿ ನಿಜವಾಗಿ ಕಳೆದಿದೆಯೇ ಅಥವಾ ಕೂಡಿದೆಯೇ ಎಂಬುದನ್ನು ಕೈಲೆಕ್ಕದಿಂದ ನೋಡಿದರೆ ಸಾಕು. ಸಂದೇಹ ಬಂದಲ್ಲಿ, ಮುದ್ರಿತ ಪ್ರತಿಯಲ್ಲಿ ಸೂತ್ರ ಕಾಣದಿರುವುದರಿಂದ, ಮೂಲ ಕಡತವನ್ನು ಸಭೆಯಲ್ಲಿಯೇ ತೆರೆದು ತೋರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಅನುಮೋದನೆಗೆ ಮುನ್ನ ಕೇಳಬಹುದು. ಅಂಕಿಯಿರುವ ಚೌಕದ ಮೇಲೆ ಒತ್ತಿದರೆ ಅದರ ಸೂತ್ರವು ಪರದೆಯ ಮೇಲ್ಭಾಗದಲ್ಲಿ ಕಾಣುತ್ತದೆ.