ಉದ್ಯೋಗಸ್ಥರ ಪಾಠಕ್ರಮ

ಕೆಲಸ ಸಿಕ್ಕಿತೆಂದರೆ ಓದು ಮುಗಿಯಿತು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಸಾಫ್ಟ್‌ವೇರ್ ಇಂಜಿನಿಯರಾಗಿ ಬೆಂಗಳೂರಿನಲ್ಲಿರುವ ನಿಮ್ಮ ಮಗನನ್ನೋ ಸೊಸೆಯನ್ನೋ ಕೇಳಿ ನೋಡಿ. ಎರಡನೆಯ ಓದು ಅಂದಿನಿಂದಲೇ ಮೊದಲಾಯಿತೆಂದು ಹೇಳುತ್ತಾರೆ. ಕಾಲೇಜಿನಲ್ಲಿ ಕಲಿತ ಸಲಕರಣೆಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಹೊಸದನ್ನು ಕಲಿಯದಿದ್ದರೆ ಕೆಲಸಕ್ಕೇ ಸಂಚಕಾರ. ಆದುದರಿಂದ ಕಂಪೆನಿಗಳು ತಮ್ಮ ನೌಕರರಿಗೆ ಆನ್‌ಲೈನ್ ಪಾಠಗಳನ್ನು ಏರ್ಪಡಿಸುತ್ತವೆ. ಆ ಪಾಠಗಳನ್ನು ಯಾವ ಕ್ರಮದಲ್ಲಿ ಹೊಂದಿಸಬೇಕು ಎಂಬುದು ಇಂದಿನ ವಿಚಾರ.

ಕನ್ನಡ ಪಂಡಿತನಿಗೆ ಈ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಂಪ್ಯೂಟರಿನ ವಿದ್ಯೆ ನನ್ನದಲ್ಲ, ನಿಜ. ಆದರೆ ಪಾಠಕ್ರಮ ಕಟ್ಟುವುದು ಉಪಾಧ್ಯಾಯನ ಕಸುಬಷ್ಟೆ.

ದುಡಿಯುತ್ತ ಕಲಿಯುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ವಿಪ್ರೋ ಸಂಸ್ಥೆ 1995ರಲ್ಲಿಯೇ ಪಿಲಾನಿಯ ಬಿರ್ಲಾ ಸಂಸ್ಥೆಯೊಡನೆ ಸೇರಿ, ವಿಜ್ಞಾನ ಪದವೀಧರರು ಕೆಲಸದಲ್ಲಿದ್ದುಕೊಂಡೇ ಮೇಲಿನ ಪದವಿ ಪಡೆಯುವ ಏರ್ಪಾಡನ್ನು ಮಾಡಿತು. ಮೈಸೂರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ದೊಡ್ಡ ಶಿಕ್ಷಣ ಕೇಂದ್ರವಿದೆ. ಹೊಸದಾಗಿ ಸೇರಿದವರು ಅಲ್ಲಿಯೇ ತಂಗಿದ್ದು ಕಲಿಯುತ್ತಾರೆ. ಆದರೆ ಹತ್ತು ವರ್ಷ ದುಡಿದು, ಮನೆ ಮಕ್ಕಳ ಹೊಣೆ ಹೊತ್ತವರನ್ನು ತಿಂಗಳುಗಟ್ಟಲೆ ಒಂದೆಡೆ ಕೂರಿಸುವುದು ಆಗದ ಮಾತು. ಆನ್‌ಲೈನ್ ಪಾಠದ ಆವಶ್ಯಕತೆ ಹೆಚ್ಚಾಗಿ ಇವರಿಗೇ.

ಪಾಠಗಳಿಗೇನೂ ಬರವಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಇದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಇದೆ. ಆದರೆ ನಮ್ಮ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ತುಂಬಿದ ಮಾತ್ರಕ್ಕೆ ಗದ್ದೆ ನೆನೆಯುತ್ತದೆಯೆ? ತೂಬು ಬೇಕು, ಕಾಲುವೆ ಬೇಕು, ನೀರು ಬಿಡುವ ಸರದಿ ಬೇಕು. ಹಾರ್ವರ್ಡ್ ಮತ್ತು ಎಂ.ಐ.ಟಿ. ನಡೆಸಿದ ಆನ್‌ಲೈನ್ ಪಾಠಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ 2017-18ರಲ್ಲಿ ಹೆಸರು ಕೊಟ್ಟವರ ಪೈಕಿ ಪಾಠವನ್ನು ಪೂರೈಸಿದವರು ನೂರಕ್ಕೆ ಸುಮಾರು ಮೂವರು. ಉಳಿದವರೆಲ್ಲ ಸೋಮಾರಿಗಳೆಂದು ಹೇಳುವುದು ಸರಿಯಲ್ಲ. ಹಣ ಕೊಟ್ಟು ಪಠ್ಯಗಳ ರಾಶಿಯನ್ನು ಕೊಂಡು, ‘ಬಿಡುವಾದಾಗ ನೋಡಿಕೊಳ್ಳಿ’ ಎನ್ನುವ ಕಂಪೆನಿಗೂ ಇದೇ ಗತಿ ಒದಗೀತು.

ಹಾಗಾದರೆ ಕ್ರಮವೆಂದರೇನು? ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಪಾಠಕ್ರಮ ಕಟ್ಟುವವರ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟರು: ಸಾಧಿಸಬೇಕಾದುದು ಏನು? ಅದಕ್ಕೆ ಯಾವ ಅನುಭವಗಳನ್ನು ಒದಗಿಸಬೇಕು? ಅವನ್ನು ಹೇಗೆ ಜೋಡಿಸಬೇಕು? ಸಾಧಿಸಿತೆಂದು ತಿಳಿಯುವುದು ಹೇಗೆ? ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆಯುವಾಗ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ವೃತ್ತಿಯಲ್ಲಿ ಬಿಡಿಸಿ ಹೇಳಿ, ಕವಿಗಳ ಪ್ರಯೋಗಗಳನ್ನು ಮುಂದಿಟ್ಟನು. ಇಂಜಿನಿಯರುಗಳ ಪಾಠದಲ್ಲಿ ಸೂತ್ರ ಧಾರಾಳ, ವೃತ್ತಿಯೂ ಉಂಟು, ಕೊರತೆಯಿರುವುದು ಪ್ರಯೋಗಕ್ಕೆ.

ಒಂದು ಉದಾಹರಣೆಯನ್ನು ನೋಡೋಣ. ಬ್ಯಾಂಕಿನ ತಂತ್ರಾಂಶವನ್ನು ಬರೆಯುವ ತಂಡವೊಂದಿದೆ ಎನ್ನಿ. ಗ್ರಾಹಕರು ಹೆಸರು ತುಂಬುವ ಜಾಗದಲ್ಲಿ ದುಷ್ಟನೊಬ್ಬನು ಹೆಸರಿಗೆ ಬದಲಾಗಿ ಒಂದು ಆಜ್ಞೆಯನ್ನು ಬರೆಯುತ್ತಾನೆ. ಎಚ್ಚರಿಕೆಯಿಲ್ಲದೆ ಬರೆದ ತಂತ್ರಾಂಶ ಅದನ್ನು ಪಾಲಿಸಿ, ಎಲ್ಲರ ಖಾತೆಯ ವಿವರಗಳನ್ನೂ ಬಿಚ್ಚಿಡಬಹುದು. ಇದನ್ನು ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕರೆಯುತ್ತಾರೆ. ನಾನೂ ನೀವೂ ಬ್ಯಾಂಕಿನಲ್ಲಿಟ್ಟ ಹಣದ ಕ್ಷೇಮ ಈ ಪಾಠವನ್ನು ಅವಲಂಬಿಸಿದೆ.

ಇದಕ್ಕೆ ಪಾಠಕ್ರಮ ಕಟ್ಟುವಾಗ ‘ಭದ್ರತೆಯ ಪರಿಚಯ’ ಎಂದು ಗುರಿ ಬರೆದರೆ ಪ್ರಯೋಜನವಿಲ್ಲ. ‘ನಾಲ್ಕು ವಾರ ಕಳೆಯುವಷ್ಟರಲ್ಲಿ ಪ್ರತಿಯೊಬ್ಬರೂ ತಾವು ಬರೆದ ತಂತ್ರಾಂಶದಲ್ಲಿ ಇಂತಹ ಬಿರುಕನ್ನು ಕಂಡು ಮುಚ್ಚಬಲ್ಲರು’ ಎಂದು ಬರೆಯಬೇಕು. ಮೊದಲು ಒಂದು ಸಣ್ಣ ಪರೀಕ್ಷೆ. ಬಲ್ಲವರನ್ನು ಮತ್ತೆ ಕೂರಿಸುವುದು ಬೇಡ. ಮೊದಲನೆಯ ವಾರ ಇಪ್ಪತ್ತು ನಿಮಿಷದ ಪಾಠಗಳನ್ನು ನೋಡಿ, ಅಭ್ಯಾಸಕ್ಕೆಂದೇ ಕಟ್ಟಿದ ತಂತ್ರಾಂಶವೊಂದರಲ್ಲಿ ಬಿರುಕನ್ನು ಹುಡುಕಲಿ. ಎರಡನೆಯ ವಾರ ಆಜ್ಞೆಯನ್ನೂ ಗ್ರಾಹಕರು ತುಂಬಿದ ಮಾತನ್ನೂ ಬೇರೆ ಬೇರೆಯಾಗಿ ಇಡುವ ವಿಧಾನವನ್ನು ಕಲಿಯಲಿ. ಮೂರನೆಯ ವಾರ ತಮ್ಮದೇ ಬರವಣಿಗೆಯನ್ನು ತಿದ್ದಲಿ. ನಾಲ್ಕನೆಯ ವಾರ ಅನುಭವಸ್ಥರೊಬ್ಬರು ಅದನ್ನು ಓದಿ, ನಾವು ಕಾಪಿ ಪುಸ್ತಕ ತಿದ್ದುವಂತೆ, ತಪ್ಪುಗಳನ್ನು ಗುರುತಿಸಿಕೊಡಲಿ. ಈ ತಿದ್ದುವ ಕೈ ಇಲ್ಲದೆ ಪಾಠವನ್ನು ನೋಡಿದರೆ ಸಿನಿಮಾ ನೋಡಿದಂತಾಯಿತು.

ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಕೇಳಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಮಾಡಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದೆ ಬಂದಿದ್ದರು. ಬಾಯಿಪಾಠ ಒಪ್ಪಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಆಶ್ಚರ್ಯವಾಗಲಾರದು.

ಕೊನೆಯ ಮಾತು ವೇಳೆಯದು. ಎಲ್ಲಕ್ಕಿಂತ ಮುಖ್ಯವಾದುದೂ ಅದೇ. 2020ರಲ್ಲಿ ಕೋವಿಡ್ ಬಂದಾಗ ಕಚೇರಿಯೇ ನಮ್ಮ ಮನೆಗಳೊಳಕ್ಕೆ ಬಂದುದನ್ನು ಕಂಡಿದ್ದೇವೆ. ಹಗಲೆಲ್ಲ ದುಡಿದವರಿಗೆ ರಾತ್ರಿ ಹತ್ತರ ಮೇಲೆ ಪಾಠವೆಂದರೆ ಅದು ತಲೆಗೆ ಹತ್ತುವುದಿಲ್ಲ. ಅಡುಗೆ, ಮಕ್ಕಳು, ಅತ್ತೆಮಾವಂದಿರ ಆರೈಕೆ ಎಲ್ಲವನ್ನೂ ನೋಡಿಕೊಳ್ಳುವ ಹೆಣ್ಣುಮಗಳು ಅಲ್ಲಿ ಮೊದಲು ಹಿಂದೆ ಬೀಳುತ್ತಾಳೆ. ಬುದ್ಧಿಯಲ್ಲಿ ಕಡಿಮೆಯಾಗಿ ಅಲ್ಲ, ವೇಳೆ ಸಾಲದೆ. ಕಂಪೆನಿಗೆ ಬೇಕಾದ ವಿದ್ಯೆಗೆ ಕಂಪೆನಿಯ ವೇಳೆಯೇ ಮೀಸಲಾಗಬೇಕು. ವಾರಕ್ಕೆ ಎರಡು ಗಂಟೆಯಾದರೂ ಸರಿ, ಕೆಲಸದ ಪಟ್ಟಿಯಲ್ಲಿ ಅದನ್ನು ಮೊದಲು ಬರೆದು, ಉಳಿದ ಕೆಲಸವನ್ನು ಆಮೇಲೆ ಹಂಚಬೇಕು.

ಕೇಳುಗರಲ್ಲಿ ಇಂತಹ ಪಾಠವನ್ನು ಏರ್ಪಡಿಸುವ ಅಧಿಕಾರಿಗಳಿದ್ದರೆ ಇಷ್ಟನ್ನು ಗಮನಿಸಲಿ. ಉಳಿದ ನಾವು ಮಾಡಬಹುದಾದುದೂ ಒಂದಿದೆ. ಊರಿಗೆ ಬಂದ ಸೊಸೆ ಹಗಲಿನಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತರೆ, ಕಾಫಿಯನ್ನು ಒಳಕ್ಕೆ ಕೊಟ್ಟು, ಅಡುಗೆಮನೆಯನ್ನು ಆ ಎರಡು ಗಂಟೆ ನಾವೇ ನೋಡಿಕೊಳ್ಳೋಣ.