ರಾತ್ರಿ ಹಾಕಿದ ಹೆಪ್ಪು

ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು, ಮೇಲೆ ತೆಳುವಾದ ಕೆನೆ, ಅಂಚಿನಲ್ಲಿ ಒಂದಿಷ್ಟು ತಿಳಿನೀರು. ಮಾನವಶಾಸ್ತ್ರ ಓದಿದವರಿಗೆ ಈ ಪಾತ್ರೆ ಒಂದು ದೊಡ್ಡ ಕಥೆ ಹೇಳುತ್ತದೆ.

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಅರಗಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕರು ತಾಯಿಹಾಲು ಬಿಟ್ಟ ಮೇಲೆ ಅದರ ದೇಹದಲ್ಲಿ ಈ ಕಿಣ್ವ ಇಳಿಯುತ್ತದೆ. ಮನುಷ್ಯರಲ್ಲೂ ಹೆಚ್ಚಿನವರದು ಇದೇ ರೀತಿ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಲ್ಯಾಕ್ಟೋಸ್ ಪೂರ್ತಿ ಅರಗುವುದಿಲ್ಲ. ಒಂದು ಲೋಟ ಹಾಲಿಗೇ ಹೊಟ್ಟೆ ಉಬ್ಬರಿಸಿದರೆ ಅದನ್ನು ರೋಗವೆಂದು ಕಾಣಬೇಕಿಲ್ಲ.

ಆದರೆ ದನ ಸಾಕಿದ ಕೆಲವು ಸಮುದಾಯಗಳಲ್ಲಿ, ಕಳೆದ ಹತ್ತು ಸಾವಿರ ವರ್ಷಗಳೊಳಗೆ, ಆ ಕಿಣ್ವವನ್ನು ದೊಡ್ಡವರಲ್ಲೂ ಉಳಿಸುವ ವಂಶವಾಹಿ ಬದಲಾವಣೆ ಹರಡಿತು. ಒಂದೇ ಕಡೆಯಲ್ಲ. 2007ರಲ್ಲಿ ತಳಿವಿಜ್ಞಾನಿ ಸಾರಾ ಟಿಶ್ಕಾಫ್ ಮತ್ತು ಸಂಗಡಿಗರು ಪೂರ್ವ ಆಫ್ರಿಕಾದ ಜನರಲ್ಲಿ, ಯುರೋಪಿನವರಲ್ಲಿ ಕಂಡದ್ದಕ್ಕಿಂತ ಬೇರೆಯದೇ ರೂಪಗಳನ್ನು ಗುರುತಿಸಿದರು. ಕೊಟ್ಟಿಗೆಯ ರೂಢಿ ದೇಹವನ್ನೇ ತಿದ್ದಿತ್ತು! ದೇಹ, ಸಂಸ್ಕೃತಿ ಎರಡನ್ನೂ ಮಾನವಶಾಸ್ತ್ರ ಒಟ್ಟಿಗೆ ನೋಡುವುದು ಇದಕ್ಕೇ.

ದೇಹ ಬದಲಾಗದ ಕಡೆ ಕೈ ಕೆಲಸ ಮಾಡಿತು. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಹುಳಿಯಾಗಿಸುತ್ತವೆ. ಅರಗಿಸುವ ಕೆಲಸ ಒಂದಿಷ್ಟು ಪಾತ್ರೆಯಲ್ಲೇ ಮುಗಿದಿರುತ್ತದೆ. ದಕ್ಷಿಣ ಭಾರತದಲ್ಲಿ ಕಿಣ್ವ ಉಳಿಸುವ ವಂಶವಾಹಿ ರೂಪ ವಾಯವ್ಯ ಭಾರತದಷ್ಟು ಸಾಮಾನ್ಯವಲ್ಲ. ಇಲ್ಲಿಯ ಊಟ ಮೊಸರಿಗೋ ಮಜ್ಜಿಗೆಗೋ ಬಂದು ನಿಲ್ಲುತ್ತದೆ.

ಇವತ್ತು ರಾತ್ರಿಯೂ ಯಾವುದೋ ಮನೆಯಲ್ಲಿ ಅಜ್ಜಿ ಹಾಲಿಗೆ ಬೆರಳದ್ದಿ, ಉಗುರುಬೆಚ್ಚಗಿದೆಯೇ ಎಂದು ನೋಡಿ, ಅರ್ಧ ಚಮಚ ಹೆಪ್ಪು ಬಿಡುತ್ತಾಳೆ.